ದುರ್ಗದ ಗುಂಡುಗಳು ಉರುಳಿ ಬಂದವಲ್ಲ

ಪ್ರಶ್ನೆ: ಕೋಟೆ ಬೆಟ್ಟದ ತುಂಬ ಆನೆಗಾತ್ರದ ಗುಂಡುಕಲ್ಲುಗಳು ಒಂದರ ಮೇಲೊಂದು ಕೂತಿವೆ. ಪಕ್ಕದ ಜೋಗಿಮಟ್ಟಿಯಲ್ಲಿ ಅಂಥವು ಕಾಣುವುದಿಲ್ಲ. ಹಿಂದೆ ಇಲ್ಲಿ ಸಮುದ್ರವಿತ್ತು, ಅಲೆ ಉಜ್ಜಿ ಕಲ್ಲು ಉರುಟಾಯಿತು ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಮುದ್ರವಿತ್ತು ಎಂಬುದು ಸರಿ. ಕಲ್ಲನ್ನು ಉರುಟು ಮಾಡಿದ್ದು ಮಾತ್ರ ಅದಲ್ಲ.

ಕೋಟೆಯ ಬಂಡೆ ಗ್ರಾನೈಟ್. ಸುಮಾರು 260 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದ ಕಲ್ಲು. ಮೇಲಿನ ಹೊರೆ ಸವೆದಂತೆ ಬಂಡೆ ಉದ್ದಕ್ಕೂ ಅಡ್ಡಕ್ಕೂ ಸೀಳು ಬಿಟ್ಟಿತು. ಇನ್ನೂ ಮಣ್ಣಿನಡಿ ಇರುವಾಗಲೇ ಸೀಳುಗಳಿಗೆ ನೀರಿಳಿದು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸಿತು. ಚೌಕ ತುಂಡಿನ ಮೂಲೆಗೆ ಮೂರು ಕಡೆಯಿಂದ ಏಟು, ಅಂಚಿಗೆ ಎರಡು, ಮುಖಕ್ಕೆ ಒಂದೇ. ಹಾಗಾಗಿ ಮೂಲೆ ಮೊದಲು ಹೋಗುತ್ತದೆ, ಉಳಿದದ್ದು ಗುಂಡು. ಹೀಗೆ ಕೊಳೆತ ಕಲ್ಲೇ ನಾವು ರಸ್ತೆಗೆ ಹಾಕುವ ಗರಸು. ಅದು ಮಳೆಗೆ ಕೊಚ್ಚಿಹೋಗಿ ಗುಂಡುಗಳು ಇದ್ದಲ್ಲೇ ಕೂತವು. ಹೊಳೆಗುಂಡಾಗಿದ್ದರೆ ಮೈ ನುಣುಪಾಗಿ, ಹಲವು ಬಗೆಯ ಕಲ್ಲು ಬೆರೆತಿರುತ್ತಿತ್ತು. ಇಲ್ಲಿ ಎಲ್ಲ ಒಂದೇ ಕಲ್ಲು. ಮೈ ತರಿತರಿ, ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತದೆ.

ಜೋಗಿಮಟ್ಟಿಯದು ಬೇರೆ ಕುಲ. ಗದಗದಿಂದ ಶ್ರೀರಂಗಪಟ್ಟಣದವರೆಗೆ ಹಬ್ಬಿದ ಶಿಲಾಪಟ್ಟಿಯ ಹಳೆಯ ಲಾವಾ ಅದು. ಗ್ರಾನೈಟ್ ಆಮೇಲೆ ಬಂದದ್ದು. ಒತ್ತಡಕ್ಕೆ ಸಿಕ್ಕ ಆ ಲಾವಾದಲ್ಲಿ ಸೀಳುಗಳು ಒತ್ತೊತ್ತಾಗಿವೆ, ಕಲ್ಲು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಗುಂಡಾಗಲು ದೊಡ್ಡ ತುಂಡೇ ಉಳಿಯುವುದಿಲ್ಲ.

ನೀವೇ ಪರೀಕ್ಷಿಸಬಹುದು. ಕೋಟೆಯೊಳಗೆ ಬೇಡ, ಹೊರಗೆ ರಸ್ತೆಬದಿ ಬಿದ್ದ ಚಕ್ಕೆ ಸಾಕು. ಹೊಸದಾಗಿ ಒಡೆದ ಮುಖವನ್ನೇ ನೋಡಿ. ಪಾಚಿ, ಕಲ್ಲುಹೂವು ಹಿಡಿದರೆ ಎರಡೂ ಕಪ್ಪೇ, ಹೆಚ್ಚಿನವರು ಎಡವುವುದು ಇಲ್ಲೇ. 10 ಪಟ್ಟಿನ ಮಸೂರದಲ್ಲಿ ಗ್ರಾನೈಟಿನ ಗಾಜಿನಂಥ ಬೆಣಚು, ಚಪ್ಪಟೆಯಾಗಿ ಮಿನುಗುವ ಫೆಲ್ಡ್‌ಸ್ಪಾರ್, ಚೂರು ಕಾಗೆಬಂಗಾರ ಬೇರೆಬೇರೆ ಕಾಣುತ್ತವೆ. ಜೋಗಿಮಟ್ಟಿಯ ಕಲ್ಲಿನಲ್ಲಿ ಕಣ ಬಿಡಿಸಿ ಕಾಣುವುದೇ ಕಷ್ಟ, ಬಣ್ಣ ಕಪ್ಪುಹಸಿರು. ಅದರ ಹಸಿರು ಭಾಗದ ಮೇಲೆ ಚಾಕುವಿನ ಮೊನೆ ಗೀರು ಬಿಡುತ್ತದೆ. ಬೆಣಚಿನ ಮೇಲೆ ಬಿಡುವುದಿಲ್ಲ, ಚಾಕುವಿನ ಕಬ್ಬಿಣವೇ ಅಂಟಿಕೊಳ್ಳುತ್ತದೆ. ಅದನ್ನು ಗೀರೆಂದು ತಿಳಿಯದೆ ಬೆರಳಲ್ಲಿ ಒರೆಸಿ ನೋಡಿ.

ಇನ್ನು ಸಮುದ್ರ. ಅದರ ಗುರುತು ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿದೆ. ನೀರಡಿ ಉಕ್ಕಿದ ಲಾವಾದ ಹೊರಮೈ ಥಟ್ಟನೆ ತಣಿದು, ಒಡೆದು, ಮತ್ತೊಂದು ಉಬ್ಬು ಹೊರಬಂದು ದಿಂಬು ಪೇರಿಸಿದಂತೆ ಕಲ್ಲಾಗಿದೆ. ಕೋಟೆಯ ಗುಂಡುಗಳು ಅದಕ್ಕೆ ಬಹಳ ಈಚಿನವು, ಒಣನೆಲದ ಮೇಲೆ ಆದವು. ಮರಡಿಹಳ್ಳಿಯದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಮಸೂರ ಒಯ್ಯಿರಿ, ಸುತ್ತಿಗೆ ಮನೆಯಲ್ಲೇ ಇರಲಿ.