ರೇಟು ಕೇಳುವುದಕ್ಕೆ ಬಾಯಿ ಬರುವುದಿಲ್ಲ

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ಎರಡು ಎಕರೆ ಅಡಿಕೆ ತೋಟ ನಮ್ಮದು. ಅಪ್ಪನ ಕಾಲದಿಂದ ಒಬ್ಬರೇ ವ್ಯಾಪಾರಿಗೆ ಅಡಿಕೆ ಕೊಡುವುದು. ಕಳೆದ ವರ್ಷ ಅಮ್ಮನ ಆಪರೇಷನ್‌ಗೆ ಅವರು ಒಂದು ಲಕ್ಷ ಅಡ್ವಾನ್ಸ್ ಕೊಟ್ಟರು, ಬಡ್ಡಿ ಬೇಡ ಅಂದರು. ಈ ಸಲ ಎಂಟು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟೆ. ಅದೇ ದಿನ ಪಕ್ಕದ ಮನೆಯವರಿಗೆ ಸಿಕ್ಕಿದ್ದಕ್ಕಿಂತ ಕೆಜಿಗೆ 20 ರೂಪಾಯಿ ಕಮ್ಮಿ. "ಸ್ವಲ್ಪ ಜಾಸ್ತಿ ಮಾಡಬಹುದಾ?" ಅಂದೆ. "ಆಗುವುದಿಲ್ಲ ಮಾರಾಯ" ಅಂದರು. "ಪರವಾಗಿಲ್ಲ" ಅಂತ ಬಂದೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಗಟ್ಟಿಯಾಗಿ ಕೇಳಿದರೆ ಉಪಕಾರ ಮರೆತವನು ಅಂದುಕೊಳ್ಳುತ್ತಾರಲ್ವಾ? ಅವರ ಮಲಯಾಳದ ಮುಂದೆ ನನ್ನ ನಾಲಿಗೆಯೂ ಹೊರಳುವುದಿಲ್ಲ. ಇನ್ನೂ ಹತ್ತು ಕ್ವಿಂಟಾಲ್ ಮನೆಯಲ್ಲಿದೆ. ಏನು ಮಾಡಲಿ?

ಉತ್ತರ: ಮೊದಲು ಲೆಕ್ಕ ನೋಡೋಣ. 800 ಕೆಜಿಗೆ 20 ರೂಪಾಯಿಯಂತೆ 16,000. ಒಂದು ಲಕ್ಷದ ಮೇಲೆ 16,000 ಅಂದರೆ ನೂರಕ್ಕೆ 16. ಬಡ್ಡಿ ಬೇಡ ಅಂದವರಿಗೆ ನೀವು ಬಡ್ಡಿ ಕೊಟ್ಟೇ ಬಂದಿದ್ದೀರಿ, ಬಹುಶಃ. ಬಹುಶಃ ಅನ್ನುವುದು ಯಾಕೆಂದರೆ, ಆ 20 ರೂಪಾಯಿ ಎಲ್ಲಿ ಹೋಯಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮದರಲ್ಲಿ ಪಟೋರ, ಅಂದರೆ ಒಡೆದ ಕಮ್ಮಿ ದರ್ಜೆಯ ಅಡಿಕೆ, ಜಾಸ್ತಿ ಇತ್ತೋ, ಒಣಗಿದ್ದು ಸಾಲದೋ, ಪಕ್ಕದವರದ್ದು ರೇಟು ಜಾಸ್ತಿ ಸಿಗುವ ಹಳೆ ಅಡಿಕೆಯೋ! ಅವರು ಮೋಸ ಮಾಡಿದರು ಅಂತ ಈಗಲೇ ತೀರ್ಮಾನ ಮಾಡಬೇಡಿ.

"ಜಾಸ್ತಿ ಮಾಡಬಹುದಾ?" ಅಂದರೆ "ಇಲ್ಲ" ಅನ್ನುವುದು ಬಹಳ ಸುಲಭ. ನಮ್ಮ ಅತ್ತೆ ಕುಂಬಳೆಯಲ್ಲಿ ಮೀನು ತರುವಾಗ "ಒಳ್ಳೇದುಂಟಾ?" ಅಂತ ಕೇಳುವವರೇ ಅಲ್ಲ. ಯಾವ ಮೀನಿನವಳು ಇಲ್ಲ ಅಂದಾಳು? "ಇದು ಎಷ್ಟು ಹೊತ್ತಿಗೆ ದೋಣಿಯಿಂದ ಇಳಿದದ್ದು?" ಅನ್ನುತ್ತಾರೆ. ಆಕೆ ಒಂದು ಕ್ಷಣ ತಡವರಿಸಿದರೆ ಸಾಕು, ಅತ್ತೆ ಮುಂದಿನ ಬುಟ್ಟಿಯ ಹತ್ತಿರ ನಿಂತಾಯಿತು.

ಅಂಗಡಿಯಲ್ಲಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಗೋಣಿಯ ಬಾಯಿ ಬಿಚ್ಚುತ್ತಾರೆ. ಕೈ ಆಳಕ್ಕೆ ಹಾಕಿ ಒಂದು ಮುಷ್ಟಿ ತೆಗೆಯುತ್ತಾರೆ. ಒಂದೆರಡನ್ನು ಕತ್ತರಿಯಲ್ಲಿ ಹೋಳು ಮಾಡಿ ಒಳಗಿನ ಬಿಳಿ ನೋಡುತ್ತಾರೆ. ಆಮೇಲೆ ರೇಟು. ಆ ಹೋಳು ಇನ್ನೂ ಅವರ ಅಂಗೈಯಲ್ಲಿರುವಾಗಲೇ ಕೇಳಿಬಿಡಿ: "ಇದರಲ್ಲಿ ನಿಮಗೆ ಏನು ಕಂಡಿತು?" "ಪಟೋರ ಎಷ್ಟು ಅಂತ ಹಿಡಿದಿರಿ?" ಮತ್ತೆ, "ಕರಿಗೋಟು, ಪಟೋರದಂಥ ಕಳಪೆಯೆಲ್ಲ ನಾನೇ ಆರಿಸಿ ಬೇರೆ ಮಾಡಿ ತಂದರೆ ಒಳ್ಳೆಯದಕ್ಕೆ ಏನು ರೇಟು ಹಾಕುತ್ತೀರಿ?" ಈ ಮೂರನೆಯದ್ದು ನನಗೆ ತುಂಬ ಇಷ್ಟ. ಇದಕ್ಕೆ ಒಂದು ಸಂಖ್ಯೆ ಹೇಳಲೇಬೇಕು. "ಯಾಕೆ ಕಮ್ಮಿ?" ಅಂತ ಮಾತ್ರ ಶುರು ಮಾಡಬೇಡಿ, ಜಗಳಕ್ಕೆ ಬಂದ ಹಾಗೆ ಕೇಳುತ್ತದೆ.

ಕೇಳಿದ ಮೇಲೆ ಸುಮ್ನೆ ಕೂತುಕೊಳ್ಳಿ. ಕಷ್ಟ ಇರುವುದು ಇಲ್ಲೇ. ಅವರು ಕ್ಯಾಲ್ಕುಲೇಟರ್ ಒತ್ತುತ್ತಾರೆ, ಹೊರಗೆ ಲಾರಿ ನೋಡುತ್ತಾರೆ, ಗಂಟಲು ಸರಿಮಾಡುತ್ತಾರೆ. ಆ ಮೌನ ತಡೆಯಲಾಗದೆ ನಿಮ್ಮ ಬಾಯಿಂದ "ಪರವಾಗಿಲ್ಲ" ಜಾರುವುದು. ಬೇಕಾದರೆ ಬಾಯಲ್ಲಿ ಒಂದು ಹೋಳು ಅಡಿಕೆ ಇಟ್ಟುಕೊಳ್ಳಿ.

ಹೋಗುವ ಮುಂಚೆ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಕ್ಯಾಂಪ್ಕೋದ ಆ ದಿನದ ದರ ಫೋನಿನಲ್ಲಿ ನೋಡಿ. 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಅದನ್ನು ಕಟ್ಟಿದ್ದೇ ರೇಟು ಬಿದ್ದು ಕಂಗಾಲಾದಾಗ. ಅಲ್ಲಿಗೇ ಕೊಡಿ ಅಂತ ನಾನು ಹೇಳುತ್ತಿಲ್ಲ. "ಅಲ್ಲಿ ಇವತ್ತು ಇಷ್ಟಿದೆ, ನೀವು ಅದರಿಂದ ಏನೇನು ಕಳೆಯುತ್ತೀರಿ?" ಅಂತ ಕೇಳುವುದಕ್ಕೆ ಬೇಕು.

ಇನ್ನು ಉಪಕಾರದ ವಿಷಯ. ಅಮ್ಮನ ಕಷ್ಟಕ್ಕೆ ಆದರು, ಅದು ದೊಡ್ಡದು. ಅದನ್ನು ಬಾಯಿಬಿಟ್ಟು ಹೇಳಿ. ಅದೇ ಉಸಿರಲ್ಲಿ ಕೇಳಿ: "ಅಡ್ವಾನ್ಸ್ ಯಾವಾಗ, ಹೇಗೆ ತೀರಿಸಿದರೆ ನಿಮಗೆ ಅನುಕೂಲ? ರೇಟಿನ ಲೆಕ್ಕಕ್ಕೆ ಅದು ಸೇರುತ್ತದಾ?" ಅವರ ಮನಸ್ಸಿನಲ್ಲೂ ಇದು ಹೇಳಲಾಗದೆ ಉಳಿದಿರಬಹುದು.

ಭಾಷೆಯ ಚಿಂತೆ ಬಿಡಿ. ಕಾಸರಗೋಡಿನ ವ್ಯಾಪಾರಿಗೆ ಕನ್ನಡ, ತುಳು ಬಾರದೆ ಅಂಗಡಿ ನಡೆಯುತ್ತದಾ? ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಕೇಳಿ.

ಹತ್ತು ಕ್ವಿಂಟಾಲನ್ನೂ ಒಟ್ಟಿಗೆ ಜೀಪಿಗೆ ಹಾಕಬೇಡಿ. ಇಳಿಸಿದ ಗೋಣಿಯನ್ನು ವಾಪಸ್ ಏರಿಸುವ ಮನಸ್ಸು ಯಾರಿಗೂ ಬರುವುದಿಲ್ಲ, ಅದು ಅವರಿಗೂ ಗೊತ್ತು. ಎರಡು ಗೋಣಿ ಒಯ್ಯಿರಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನೀವು ಬರೆದದ್ದು ನೋಡಿದರೆ, ಸುಮ್ನೆ ಕೂರುವುದು ಅವರಿಗೆ ಚೆನ್ನಾಗಿ ಬರುತ್ತದೆ.