ಕೂಲಿಂಗ್ ಗ್ಲಾಸ್ ಆಮೇಲೆ, ಮೊದಲು ಮಗ ಎಲ್ಲಿ ನಿಲ್ಲುತ್ತಾನೆ ನೋಡಿ

ಏಳು ವರ್ಷದ ಮಗ ಬೇಸಿಗೆ ರಜೆಯಲ್ಲಿ ಇಡೀ ದಿನ ಬಿಸಿಲಲ್ಲಿ ಆಡುತ್ತಾನೆ, ಒಳ್ಳೆ ಕೂಲಿಂಗ್ ಗ್ಲಾಸ್ ಕೊಡಿಸಲಾ, ಇಲ್ಲಾ ಮನೆಯೊಳಗೇ ಕೂರಿಸಲಾ ಅಂತ ಕೇಳಿದ್ದೀರಿ. ನಂದೂ ಇದೇ ಚಿಂತೆಯಾಗಿತ್ತು. ಊರಿಗೆ ಹೊರಡುವಾಗ ಮಗನ ಟೋಪಿ, ಕಪ್ಪು ಕನ್ನಡಕ ಎಲ್ಲಾ ಮರೆಯದೆ ಬ್ಯಾಗಿಗೆ ಹಾಕಿದ್ದೆ. ಕಣ್ಣಿಗೆ ಏಟು ಬಿದ್ದದ್ದು ಚಿನ್ನಿಯಿಂದ.

ಅವನು ಆಡುತ್ತಲೂ ಇರಲಿಲ್ಲ. ದೊಡ್ಡ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು, ಮುಂದಿನ ಸರದಿ ತನ್ನದು ಅಂತ ಇವನು ಪಕ್ಕದಲ್ಲೇ ನಿಂತಿದ್ದ. ಗೇಣುದ್ದವೂ ಇಲ್ಲದ, ಎರಡು ತುದಿಯೂ ಚೂಪಾದ ಕಟ್ಟಿಗೆ ತುಂಡು ಅದು. ಮೇಲೆ ಚಿಮ್ಮಿದ ಮೇಲೆ ದಾಂಡಿನಲ್ಲಿ ಬಾರಿಸಿದರೆ ಯಾವ ಕಡೆ ಹಾರುತ್ತೆ ಅಂತ ಹೊಡೆದವನಿಗೇ ಗೊತ್ತಿರಲ್ಲ. ಪುಣ್ಯಕ್ಕೆ ಚೂಪು ತುದಿ ಚುಚ್ಚಲಿಲ್ಲ, ಅಡ್ಡವಾಗಿ ಎಡಗಣ್ಣಿಗೆ ಬಡಿಯಿತು.

ಅವನು ಅತ್ತ, ಸ್ವಲ್ಪ ಹೊತ್ತಿಗೆ ಸುಮ್ಮನಾದ. ಗಾಯ ಇಲ್ಲ, ರಕ್ತ ಸುರಿಯುತ್ತಿಲ್ಲ. "ಕಣ್ಣು ಕಾಣುತ್ತಾ ಪುಟ್ಟಾ?" ಅಂತ ಕೇಳಿದೆ. "ಕಾಣುತ್ತೆ ಅಮ್ಮ" ಅಂದ. ನಾವು ಎಡವಿದ್ದೇ ಇಲ್ಲಿ, ಇದನ್ನ ಬಿಡಿಸಿ ಹೇಳುತ್ತೇನೆ. ಎರಡೂ ಕಣ್ಣು ತೆರೆದಿದ್ದಾಗ ಕೇಳಿದರೆ ಮಗು ಒಳ್ಳೆ ಕಣ್ಣಿಂದ ನೋಡಿ ಉತ್ತರ ಹೇಳುತ್ತೆ. ಸುಳ್ಳು ಹೇಳುತ್ತಿರಲ್ಲ, ಅದಕ್ಕೆ ನಿಜವಾಗಿಯೂ ಎಲ್ಲಾ ಕಾಣುತ್ತಿರುತ್ತೆ. ಏಟು ಬಿದ್ದ ಕಣ್ಣು ಪೂರ್ತಿ ಮಂಜಾಗಿದ್ದರೂ ಅದಕ್ಕೆ ಗೊತ್ತಾಗೋದಿಲ್ಲ. ಒಳ್ಳೆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಏಟು ಬಿದ್ದ ಕಣ್ಣಿಗೆ ಬೆರಳು ತೋರಿಸಿ ಎಷ್ಟು ಅಂತ ಕೇಳಬೇಕಿತ್ತು. ಅರ್ಧ ನಿಮಿಷದ ಕೆಲಸ. ಅದು ಮಾಡದೆ, ಕಾಣುತ್ತೆ ಅಂದನಲ್ಲ ಅಂತ ಮಲಗಿಸಿದೆವು. ರಾತ್ರಿ ವಾಂತಿ ಮಾಡಿಕೊಂಡ, ಮಂಪರಲ್ಲಿದ್ದ. ಬಿಸಿಲಿನ ಝಳ ಅಂದುಕೊಂಡೆವು.

ಮರುದಿನ ಕಿಟಕಿ ಬೆಳಕಲ್ಲಿ ನೋಡಿದರೆ ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಕೆಂಪು ಪಟ್ಟಿ, ಲೋಟದ ತಳದಲ್ಲಿ ಕುಂಕುಮದ ನೀರು ನಿಂತ ಹಾಗೆ. ಪೇಟೆಗೆ ಓಡಿದೆವು. ಡಾಕ್ಟರ್ ಮಾಡಿದ ಮೊದಲ ಕೆಲಸವೇ ಬಲಗಣ್ಣು ಮುಚ್ಚಿ ಬೆರಳು ತೋರಿಸಿದ್ದು. "ಕೈ ಇದೆ, ಬೆರಳು ಕಾಣಲ್ಲ" ಅಂದ ನನ್ನ ಮಗ. ಕಣ್ಣಿನ ಮುಂಭಾಗದಲ್ಲಿ ತಿಳಿನೀರು ಇರುವ ಜಾಗದಲ್ಲಿ ರಕ್ತ ಇಳಿದಿತ್ತು. ಹೈಫೀಮಾ ಅಂತಾರೆ. ಆ ನೀರು ಹೊರಗೆ ಹರಿಯುವ ದಾರಿಗೆ ರಕ್ತ ಅಡ್ಡ ಬಂದರೆ ಕಣ್ಣಿನೊಳಗೆ ಒತ್ತಡ ಏರುತ್ತೆ, ನರಕ್ಕೆ ಪೆಟ್ಟಾಗುತ್ತೆ. ವಾಂತಿ ಆಗಿದ್ದು ಅದಕ್ಕೇ. ಆಮೇಲೆ ಕಣ್ಣಿಗೆ ಗಟ್ಟಿ ಮುಚ್ಚಳ, ಡ್ರಾಪ್ಸ್, ತಲೆ ಎತ್ತರಕ್ಕಿಟ್ಟು ಮಲಗಿಸೋದು, ಓಡಾಟ ಬಂದ್. ಮೊದಲ ಕೆಲವು ದಿನದಲ್ಲಿ ಮತ್ತೆ ರಕ್ತ ಬರುವ ಅಪಾಯ ಇರುತ್ತೆ. ರಕ್ತ ಕರಗಿತು, ಆದರೆ ಆ ಕಣ್ಣಿನ ದೃಷ್ಟಿ ಪೂರ್ತಿ ವಾಪಸ್ ಬರಲಿಲ್ಲ. ಇಂಥ ಏಟಿನಿಂದ ಎಷ್ಟೋ ವರ್ಷದ ಮೇಲೂ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುವ ಕಾಯಿಲೆ, ಬರಬಹುದು, ಹಾಗಾಗಿ ಪ್ರತಿ ವರ್ಷ ಒತ್ತಡ ಪರೀಕ್ಷೆ ಮಾಡಿಸಲೇಬೇಕು, ಜೀವನಪೂರ್ತಿ.

ಈಗ ನಿಮ್ಮ ಪ್ರಶ್ನೆ. ಮನೆಯೊಳಗೆ ಕೂರಿಸೋದು ಬೇಡವೇ ಬೇಡ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ಕ್ಲಾಸಿನ ಮಕ್ಕಳನ್ನು 3 ವರ್ಷ ಗಮನಿಸಿದರು. ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟರು. ಅಲ್ಲಿ ನೂರಕ್ಕೆ 30 ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಂಜಾಗಿ ಕಾಣೋದು) ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. 2015ರಲ್ಲಿ ಇದು ಪ್ರಕಟವಾಯಿತು. ಹೊರಗಿನ ಬೆಳಕು ಮಗುವಿನ ಕಣ್ಣಿಗೆ ಬೇಕು. ಕೂಲಿಂಗ್ ಗ್ಲಾಸ್ ಕೊಡಿಸಿ, ತಪ್ಪಿಲ್ಲ, ಆದರೆ ಯುವಿ 400 ಅಂತ, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುತ್ತೆ ಅಂತ ಬರೆದಿರೋದನ್ನೇ ಕೊಡಿಸಿ. ಜಾತ್ರೆಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಬೇಡ. ಅಗಲ ಅಂಚಿನ ಟೋಪಿಯೂ ಇರಲಿ.

ನನ್ನ ಕೇಳಿದರೆ ನಿಮ್ಮ ಗಮನ ಮಗ ನಿಲ್ಲುವ ಜಾಗದ ಮೇಲಿರಲಿ. ಚಿನ್ನಿದಾಂಡು, ಬಿಲ್ಲುಬಾಣ, ಚಾಟರ್‌ಬಿಲ್ಲು ಇವನ್ನ ಚಿಕ್ಕ ಮಕ್ಕಳಿಗೆ ನಾನಂತೂ ಬೇಡ ಅಂತೀನಿ, ನಮ್ಮ ಕಾಲದಲ್ಲಿ ನಾವು ಆಡಿಲ್ವಾ ಅಂತ ಮನೆ ಹಿರಿಯರು ಎಷ್ಟು ಅಂದರೂ ಸರಿ. ದೀಪಾವಳಿ ಹೊತ್ತಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪಟಾಕಿ ಹಚ್ಚಿದವರು ಮಾತ್ರ ಬರೋದಿಲ್ಲ, ಸುಮ್ನೆ ನಿಂತು ನೋಡುತ್ತಿದ್ದ ಮಕ್ಕಳೂ ಬರುತ್ತಾರೆ.

ಏಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ. ಹರಳೆಣ್ಣೆ, ಎದೆಹಾಲು ಯಾವುದೂ ಬಿಡಬೇಡಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಕಣ್ಣಿಗೆ ತಾಗದ ಹಾಗೆ ಮೇಲೊಂದು ಪೇಪರ್ ಕಪ್ ಇಟ್ಟು ಟೇಪ್ ಹಾಕಿ ಹೊರಡಿ. ಡಾಕ್ಟರನ್ನ ಕೇಳದೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತ ಜಾಸ್ತಿ ಬರಬಹುದು. ಸುಣ್ಣ ಬಿದ್ದರೆ ಮಾತ್ರ ಲೆಕ್ಕ ಬೇರೆ. ಎಲೆಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಆಡುವಾಗ ಕಣ್ಣಿಗೆ ಸಿಡಿಯೋದುಂಟು. ಆಗ ಒಂದು ಕ್ಷಣವೂ ಕಾಯದೆ ಹರಿಯುವ ನೀರಲ್ಲಿ ಕಾಲು ಗಂಟೆಗಿಂತ ಹೆಚ್ಚು ಹೊತ್ತು ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ.

ನಿಮ್ಮ ಮಗನಿಗೆ ಪವರ್ ಕನ್ನಡಕ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅಂಗಡಿಯಲ್ಲಿ ಪಾಲಿಕಾರ್ಬೊನೇಟ್ ಲೆನ್ಸೇ ಬೇಕು ಅಂತ ಕೇಳಿ ಹಾಕಿಸಿ. ಚೆಂಡು ಬಡಿದರೂ ಅದು ಗಾಜಿನಂತೆ ಚೂರಾಗೋದಿಲ್ಲ.