ಗ್ರೀಸ್‌ನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ನ 8 ದಿನದ ಕರಾವಳಿ ಪ್ರವಾಸಕ್ಕೆ ಸ್ಯಾಂಟೊರಿನಿ, ಒಲಿಂಪಿಯಾ ಎರಡನ್ನೂ ಸೇರಿಸಬಹುದೇ?

ಸೇರಿಸಬೇಡಿ. ಸೆಪ್ಟೆಂಬರ್ ಕೊನೆಗೆ ಅಥೆನ್ಸ್‌ನಲ್ಲಿ ಇಳಿಯುತ್ತೀರಿ, ಕೈಯಲ್ಲಿರುವುದು 7 ರಾತ್ರಿ, ಇಬ್ಬರೂ ಸಸ್ಯಾಹಾರಿಗಳು, ಕಾರು ಓಡಿಸಲು ತಯಾರು ಎಂದಿದ್ದೀರಿ. ಸ್ಯಾಂಟೊರಿನಿ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಬರುವುದರಲ್ಲೇ ಹತ್ತಿರಹತ್ತಿರ ಎರಡು ದಿನ ಕಳೆಯುತ್ತದೆ. ಪ್ರಾಚೀನ ಒಲಿಂಪಿಕ್ಸ್ ನಡೆದ ಒಲಿಂಪಿಯಾ ಪಶ್ಚಿಮದ ಅಂಚಿನಲ್ಲಿದೆ, ನೀವು ಪಟ್ಟಿ ಮಾಡಿರುವ ಊರುಗಳೆಲ್ಲ ಪೂರ್ವ ಮತ್ತು ದಕ್ಷಿಣದಲ್ಲಿವೆ. ನಾನಾದರೆ ಹೀಗೆ ಹಂಚುತ್ತೇನೆ: ನಾಫ್ಲಿಯೊದಲ್ಲಿ 3 ರಾತ್ರಿ, ಮೊನೆಂವಾಸಿಯಾದಲ್ಲಿ 1, ದಕ್ಷಿಣದ ಮಾನಿ ಪ್ರದೇಶದಲ್ಲಿ 2, ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ. ಮಾನಿಯ ಅರೆಯೊಪೊಲಿಯಿಂದ ನಿಲ್ದಾಣಕ್ಕೆ ಸುಮಾರು 300 ಕಿ.ಮೀ. ಇರುವುದರಿಂದ ಹೊರಡುವ ದಿನವೇ ಅಷ್ಟು ದೂರ ಓಡಿಸುವ ಸಾಹಸ ಬೇಡ.

ಮೊದಲು ಕಾರಿನ ವಿಷಯ, ಏಕೆಂದರೆ ಯೋಜನೆ ಕೆಡುವುದೇ ಇಲ್ಲಿ. ನಮ್ಮ ಡಿಎಲ್ ಒಂದೇ ಸಾಲದು. ಆರ್‌ಟಿಒದಿಂದ ಐಡಿಪಿ (ಅಂತಾರಾಷ್ಟ್ರೀಯ ಚಾಲನಾ ಪರವಾನಗಿ) ಮಾಡಿಸಿಕೊಂಡು ಮೂಲ ಡಿಎಲ್ ಜೊತೆಗೆ ಒಯ್ಯಿರಿ. ಐಡಿಪಿ ಒಂದು ವರ್ಷ ನಡೆಯುತ್ತದೆ. ಡೆಪಾಸಿಟ್ ಹಣವನ್ನು ತಡೆಹಿಡಿಯಲು ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಡೆಬಿಟ್ ಕಾರ್ಡ್ ನಂಬಿಕೊಂಡು ಹೋದವರು ಕೌಂಟರಿನಲ್ಲೇ ಸಿಕ್ಕಿಬೀಳುತ್ತಾರೆ. ಅಲ್ಲಿ ಗೇರಿನ ಕಾರುಗಳೇ ಹೆಚ್ಚು. ಬಲಗಡೆಯ ಸಂಚಾರ ಹೊಸದಾಗಿರುವಾಗ ಬಲಗೈಯಿಂದ ಗೇರು ಹಾಕುವ ತಾಪತ್ರಯವೂ ಏಕೆ? ದುಬಾರಿಯಾದರೂ ಆಟೊಮ್ಯಾಟಿಕ್ ಅನ್ನೇ ಎರಡು ತಿಂಗಳು ಮುಂಚೆ ಬುಕ್ ಮಾಡಿ. 'ಪೂರ್ತಿ ವಿಮೆ' ಎಂದು ಬರೆದಿದ್ದರೂ ಟೈರು, ಗಾಜು, ಕಾರಿನ ತಳಭಾಗ ಅದರಲ್ಲಿ ಸೇರಿರದೆ ಇರಬಹುದು. ಮಾನಿಯ ಕಲ್ಲುದಾರಿಗಳಲ್ಲಿ ಪೆಟ್ಟು ಬೀಳುವುದೇ ಅವಕ್ಕೆ. ಇನ್ನೊಂದು ಎಚ್ಚರಿಕೆ: ಗ್ರೀಸ್‌ನ ವೃತ್ತಗಳಲ್ಲಿ ಫಲಕ ಬೇರೆ ಹೇಳದಿದ್ದರೆ, ಒಳಗೆ ಬರುವ ವಾಹನಕ್ಕೇ ಮೊದಲ ಹಕ್ಕು. ವೃತ್ತದೊಳಗೆ ಇದ್ದೇವೆಂದು ಧೈರ್ಯವಾಗಿ ನುಗ್ಗಬೇಡಿ.

ವಿಮಾನ ನಿಲ್ದಾಣದಿಂದ ನಾಫ್ಲಿಯೊಗೆ ಸುಮಾರು 165 ಕಿ.ಮೀ., ಎರಡು ಗಂಟೆಯ ಹಾದಿ. ನಡುವೆ ಹಲವು ಟೋಲ್‌ಗಳಿವೆ, ಚಿಲ್ಲರೆ ಯೂರೊ ಇಟ್ಟುಕೊಳ್ಳಿ. 1893ರಲ್ಲಿ ತೆರೆದ ಕಾರಿಂತ್ ಕಾಲುವೆಯ ಸೇತುವೆಯ ಬಳಿ ಇಪ್ಪತ್ತು ನಿಮಿಷ ನಿಂತರೆ ಸಾಕು. ನಾಫ್ಲಿಯೊದ ಹಳೇ ಪೇಟೆಯೊಳಗೆ ಕಾರು ತಿರುಗಿಸಲು ಹೋಗದೆ ಬಂದರಿನ ಪಕ್ಕದ ವಿಶಾಲ ಜಾಗದಲ್ಲಿ ನಿಲ್ಲಿಸಿ. ಸ್ವತಂತ್ರ ಗ್ರೀಸ್‌ಗೆ 1834ರವರೆಗೆ ಇದೇ ರಾಜಧಾನಿಯಾಗಿತ್ತು. ಮೊದಲ ಆಡಳಿತಗಾರ ಕಪೊದಿಸ್ತ್ರಿಯಸ್ 1831ರಲ್ಲಿ ಕೊಲೆಯಾದ ಸಂತ ಸ್ಪಿರಿಡಾನ್ ಚರ್ಚು ಪೇಟೆಯ ಒಂದು ಸಂದಿಯಲ್ಲಿದೆ. ಪಲಮಿದಿ ಕೋಟೆಗೆ 999 ಮೆಟ್ಟಿಲು ಎನ್ನುವುದು ಊರಿನವರ ಮಾತು, ಎಣಿಸಿದರೆ ಅಷ್ಟಿಲ್ಲ. ಆದರೂ ಮೊಣಕಾಲಿಗೆ ಅದೇ ಸಾಕು. ಮೇಲಕ್ಕೆ ಟ್ಯಾಕ್ಸಿಯಲ್ಲಿ ಹೋಗಿ, ಮೆಟ್ಟಿಲಿನಲ್ಲಿ ಇಳಿದು ಬನ್ನಿ.

ಕಂಚಿನ ಯುಗದ ಕೋಟೆನಗರ ಮೈಸೀನಿಗೆ ಬೆಳಿಗ್ಗೆ 8ಕ್ಕೆ ಗೇಟು ತೆರೆಯುವಾಗಲೇ ಹೋಗಿ. ಹತ್ತು ದಾಟಿದರೆ ಅಥೆನ್ಸ್‌ನ ಬಸ್ಸುಗಳು ಬಂದು ಸಿಂಹದ್ವಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೆರಳಂತೂ ಮೊದಲೇ ಇಲ್ಲ. ಕೋಟೆಯ ಹಿಂಭಾಗದ ನೆಲದಡಿಯ ನೀರಿನ ಕೊಳಕ್ಕೆ ಇಳಿಯುವ ಮೆಟ್ಟಿಲು ತೆರೆದಿದ್ದರೆ ಟಾರ್ಚ್ ಬೇಕಾಗುತ್ತದೆ. ಟಿಕೆಟ್ ಬಿಸಾಡಬೇಡಿ: ರಸ್ತೆಯಲ್ಲಿ ಸ್ವಲ್ಪ ಕೆಳಗಿರುವ ಆಟ್ರಿಯಸ್‌ನ ಗುಮ್ಮಟ ಸಮಾಧಿಗೂ ಅದೇ ನಡೆಯುತ್ತದೆ. 1876ರಲ್ಲಿ ಪುರಾತತ್ವಜ್ಞ ಶ್ಲೀಮನ್ ಅಗೆದು ತೆಗೆದ ಚಿನ್ನ ಮಾತ್ರ ಅಥೆನ್ಸ್‌ನ ಮ್ಯೂಸಿಯಮ್ಮಿನಲ್ಲಿದೆ. ಎಪಿಡೌರಸ್‌ನ ಪ್ರಾಚೀನ ರಂಗಮಂದಿರವನ್ನು ಸಂಜೆಗೆ ಇಟ್ಟುಕೊಳ್ಳಿ. ಸೆಪ್ಟೆಂಬರಿನಿಂದ ಮುಚ್ಚುವ ಹೊತ್ತು ಹದಿನೈದು ದಿನಕ್ಕೊಮ್ಮೆ ಹಿಂದಕ್ಕೆ ಸರಿಯುವುದರಿಂದ ಅಂದಿನ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಟಿಕೆಟ್ ದರ 2025ರಲ್ಲಿ ಏರಿತು, ಹಳೇ ಬ್ಲಾಗುಗಳ ಲೆಕ್ಕ ಹಿಡಿಯಬೇಡಿ.

ನಾಲ್ಕನೆಯ ದಿನ ಬೇಗ ಹೊರಟು ಟ್ರಿಪೊಲಿ, ಸ್ಪಾರ್ಟಾ ಮೂಲಕ ಮಿಸ್ತ್ರಾಸ್. ಗುಡ್ಡದ ಇಳಿಜಾರಿಡೀ ಹರಡಿದ ಬೈಜಾಂಟಿಯನ್ ಪಾಳುನಗರಕ್ಕೆ ಮೇಲೊಂದು, ಕೆಳಗೊಂದು ಬಾಗಿಲು. ಕೆಳಗಿನಿಂದ ಹತ್ತತೊಡಗಿದವರು ಅರ್ಧದಲ್ಲೇ ಸುಸ್ತಾಗುತ್ತಾರೆ. ಮೇಲಿನ ಬಾಗಿಲಿನಲ್ಲಿ ಕಾರು ಬಿಟ್ಟು ಕೋಟೆ, ಅರಮನೆ ಮುಗಿಸಿ, ಆಮೇಲೆ ಕಾರಿನಲ್ಲೇ ಕೆಳಗಿನ ಬಾಗಿಲಿಗೆ ಬಂದು ಚರ್ಚುಗಳ ಭಿತ್ತಿಚಿತ್ರ ನೋಡಿ. ಅಲ್ಲಿಂದ ಮೊನೆಂವಾಸಿಯಾಕ್ಕೆ ಎರಡು ಗಂಟೆಯೊಳಗೆ. ಕೋಟೆಗೋಡೆಯೊಳಗಿನ ಆ ಹಳೇ ಊರಿಗೆ ಕಾರು ಬಿಡುವುದಿಲ್ಲ, ಒಳಗಿನ ಕಲ್ಲುಹಾಸಿನ ಮೇಲೆ ಚಕ್ರದ ಸೂಟ್‌ಕೇಸ್ ಉರುಳುವುದಿಲ್ಲ. ಒಂದು ರಾತ್ರಿಯ ಬಟ್ಟೆ ಮಾತ್ರ ಬೆನ್ನುಚೀಲಕ್ಕೆ ಹಾಕಿಕೊಳ್ಳಿ. ಹಗಲಿನ ಪ್ರವಾಸಿಗರು ಹೊರಟುಹೋದ ಮೇಲೆ ಊರು ನಿಮ್ಮದೇ. ಅದಕ್ಕೇ ಕೋಣೆ ಒಳಗೇ ಇರಲಿ.

ಮಾನಿಯಲ್ಲಿ ಅರೆಯೊಪೊಲಿಯಲ್ಲಿ ತಂಗಿ. ದಕ್ಷಿಣಕ್ಕೆ ಹೊರಡುವ ಮುನ್ನ ಅಲ್ಲೇ ಪೆಟ್ರೋಲ್ ತುಂಬಿಸಿ, ಮುಂದೆ ಬಂಕುಗಳು ವಿರಳ. ದಿರೋಸ್ ಗುಹೆಯನ್ನು ದೋಣಿಯಲ್ಲಿ ನೋಡಿ (ಬೆಳಿಗ್ಗೆಯೇ ಹೋಗಿ), ವಾಥಿಯಾದ ಗೋಪುರ ಮನೆಗಳ ಮೂಲಕ ತೆನಾರೊ ಭೂಶಿರದವರೆಗೆ ಒಂದು ಪೂರ್ತಿ ದಿನ. ಕಾರು ನಿಲ್ಲಿಸಿದ ಮೇಲೆ ದೀಪಸ್ತಂಭಕ್ಕೆ ಸುಮಾರು ಮುಕ್ಕಾಲು ಗಂಟೆ ಕಲ್ಲುಹಾದಿ. ದಾರಿಯಲ್ಲಿ ನೆರಳಿಲ್ಲ, ನೀರು ಹಿಡಿದುಕೊಳ್ಳಿ, ಚಪ್ಪಲಿ ಸಾಲದು. ಗೂಗಲ್ ಮ್ಯಾಪ್ ಹತ್ತಿರದ ದಾರಿ ಎಂದು ಹಳ್ಳಿಯ ಸಂದಿಗೆ ತಿರುಗಿಸಿದರೆ ನಂಬದೆ ದೊಡ್ಡ ರಸ್ತೆಯಲ್ಲೇ ಹೋಗಿ.

ಊಟಕ್ಕೆ ಹೆದರಬೇಕಿಲ್ಲ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಅವರೆಯಂಥ ಗಿಗಾಂತೆಸ್, ತರಕಾರಿಯ ಬ್ರಿಯಾಮ್, ಬೇಳೆಯ ಫಾವಾ, ಬೇಯಿಸಿದ ಸೊಪ್ಪು ಹೊರ್ತಾ ಬಹಳ ಕಡೆ ಸಿಗುತ್ತವೆ. ಅನ್ನ ತುಂಬಿದ ತರಕಾರಿ ಗೆಮಿಸ್ತಾ, ದ್ರಾಕ್ಷಿ ಎಲೆಯ ಸುರುಳಿ ದೊಲ್ಮಾದೆಸ್‌ಗಳಲ್ಲಿ ಖೀಮಾ ಇರಬಹುದು, ಕೇಳಿಯೇ ತರಿಸಿ. 'ನಿಸ್ಟೀಸಿಮೊ' ಎಂದರೆ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸೀಗಡಿ, ಸ್ಕ್ವಿಡ್ ಇರಬಹುದು.

ವೀಸಾಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೇ ತಿಂಗಳಿನಲ್ಲೇ ಹಿಡಿಯಿರಿ. ಶುಲ್ಕ 90 ಯೂರೊ, ಪ್ರವಾಸ ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು. ಹೋಟೆಲಿನ ಹವಾಮಾನ ತೆರಿಗೆಯನ್ನು ಬುಕಿಂಗ್ ದರದ ಮೇಲೆ ಬೇರೆಯಾಗಿ, ಕೋಣೆಗೆ ರಾತ್ರಿಗಿಷ್ಟು ಎಂದು ಅಲ್ಲೇ ಕಟ್ಟಬೇಕಾಗುತ್ತದೆ. ಅದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.